ತಂದೆಗೆ ಪ್ರಿಯವಾದುದು ಯಾವುದು?

ಹೊಸಕೆರೆಹಳ್ಳಿ ಎಂಬ ಹೆಸರಿನಲ್ಲಿಯೇ ಮರೆತುಹೋದ ಕಥೆಯೊಂದು ಅಡಗಿದೆ. ಕೆರೆ ಹೊಸದಾಗಿದ್ದ ಕಾಲದಲ್ಲಿ ಅದನ್ನು ಕಂಡವರು ‘ಹೊಸ ಕೆರೆ’ ಎಂದರು. ಅದರ ಮಗ್ಗುಲ ಊರು ಹೊಸಕೆರೆಹಳ್ಳಿಯಾಯಿತು. ಕಾಲ ಕಳೆದಂತೆ ಕೆರೆ ಹಳೆಯದಾಯಿತು. ಬೆಂಗಳೂರು ಬೆಳೆಬೆಳೆಯುತ್ತ ಬಂದು ಊರನ್ನು ತನ್ನೊಳಕ್ಕೆ ಸೇರಿಸಿಕೊಂಡಿತು. ಬನಶಂಕರಿ ಮೂರನೆಯ ಹಂತದ ಮನೆಗಳು ಅದಕ್ಕೆ ತಾಗಿ ನಿಂತವು. ಹೆಸರೇನೋ ಉಳಿಯಿತು. ಆದರೆ ಆ ಕೆರೆಗೆ ಮಣ್ಣು ಹೊತ್ತವರು ಯಾರು, ಏರಿಗೆ ಕಲ್ಲು ಕಟ್ಟಿದವರು ಯಾರು ಎಂಬುದನ್ನು ಹೆಸರು ಹೇಳುವುದಿಲ್ಲ. ಅವರೂ ಯಾರಿಗೋ ತಂದೆಯರಾಗಿದ್ದರು. ಅವರು ಕಣ್ಮುಚ್ಚಿದ ದಿನವೂ ಮಕ್ಕಳು ಅತ್ತಿದ್ದರು.

ವೃದ್ಧನಾದ ತಂದೆ ತೀರಿಕೊಂಡಾಗ ಮೊದಲ ಕೆಲವು ದಿನಗಳು ಕೆಲಸದಲ್ಲಿಯೇ ಕಳೆದುಹೋಗುತ್ತವೆ. ನೆಂಟರಿಷ್ಟರಿಗೆ ತಿಳಿಸಬೇಕು, ಪುರೋಹಿತರನ್ನು ಕಾಣಬೇಕು, ಅಡಿಗೆಯವರಿಗೆ ಹೇಳಬೇಕು, ಬ್ಯಾಂಕಿನ ಕಾಗದಗಳನ್ನು ಹುಡುಕಬೇಕು. ಬಂದವರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವುದು ಗೂಟದ ಮೇಲಿನ ಕೋಟು, ಮೂಲೆಯ ಕೊಡೆ, ಮಡಿಸಿಟ್ಟ ಕನ್ನಡಕ. ಆಗ ನಿಜವಾದ ದುಃಖ ಬಾಗಿಲು ತಟ್ಟುತ್ತದೆ. ಕಾಲಕ್ರಮದಲ್ಲಿ ಅದೂ ಇಳಿಯುತ್ತದೆ. ಇಳಿಯಲೇಬೇಕು, ಇಲ್ಲವಾದರೆ ಸಂಸಾರ ನಡೆಯುವ ಬಗೆ ಹೇಗೆ? ಆದರೆ ದುಃಖದ ಬೆನ್ನುಹಿಡಿದು ವಿವರವೂ ಹೊರಟುಹೋಗುತ್ತದೆಂಬುದು ಯಾರಿಗೂ ಹೊಳೆಯುವುದಿಲ್ಲ. ಮೊದಲು ಧ್ವನಿ ಮಸುಕಾಗುತ್ತದೆ; ಆಮೇಲೆ ನಡಿಗೆ; ಕೊನೆಗೆ ‘ಬಹಳ ಒಳ್ಳೆಯವರು’ ಎಂಬ ಒಂದು ಮಾತು ಮಾತ್ರ ಮಿಕ್ಕುತ್ತದೆ. ಯಾರನ್ನು ಕುರಿತಾದರೂ ಆ ಮಾತನ್ನು ಆಡಬಹುದು.

ಹಿರಿಯರು ಈ ಮರೆವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯವರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ ಹೆಸರು ಹಿಡಿದು ಕರೆಯುತ್ತಾರೆ. ಅದಕ್ಕೂ ಹಿಂದಿನವರು ಪಿತೃಗಳ ಸಮೂಹದಲ್ಲಿ ಸೇರಿಹೋಗುತ್ತಾರೆ. ಮನೆಯ ನೆನಪು ಎಷ್ಟು ದೂರ ನಡೆಯಬಲ್ಲದೆಂಬುದನ್ನು ಅಳೆದೇ ಈ ಗಡಿಯನ್ನು ಇಟ್ಟಂತೆ ತೋರುತ್ತದೆ.

ಬೆಂಗಳೂರಿನ ಸುತ್ತಣ ಒಕ್ಕಲು ಮನೆಗಳಲ್ಲಿ ಇನ್ನೊಂದು ಕ್ರಮವಿದೆ. ಭಾದ್ರಪದದ ಕೊನೆಗೆ, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ, ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಪಂಚೆಯನ್ನೋ ಸೀರೆಯನ್ನೋ ಇಟ್ಟು, ಬಾಳೆಯೆಲೆಯ ಮೇಲೆ ತೀರಿಹೋದವರಿಗೆ ಬದುಕಿದ್ದಾಗ ಪ್ರಿಯವಾಗಿದ್ದುದನ್ನೆಲ್ಲ ಬಡಿಸುತ್ತಾರೆ: ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ. ಎಲೆಯಡಿಕೆಯ ಅಭ್ಯಾಸವಿದ್ದವರಿಗೆ ಎಲೆಯಡಿಕೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ. ಈ ಆಚರಣೆಯ ಹಿರಿಮೆ ಇರುವುದು ಅದು ಕೇಳುವ ಪ್ರಶ್ನೆಯಲ್ಲಿ. ತಂದೆಗೆ ಪ್ರಿಯವಾದುದು ಯಾವುದು? ಇದಕ್ಕೆ ಯಾವ ಮಂತ್ರವೂ ಉತ್ತರ ಕೊಡಲಾರದು, ಮನೆಯವರೇ ಕೊಡಬೇಕು. ಮೊದಲ ಬಾರಿ ಎಡೆ ಇಡುವ ಮಗನು ತಾಯಿಯ ಮುಖ ನೋಡಬೇಕಾಗುತ್ತದೆ. ಅನೇಕ ವರ್ಷ ಒಂದೇ ಪಂಕ್ತಿಯಲ್ಲಿ ಉಂಡಿದ್ದರೂ ತಂದೆಯ ಎಲೆಯನ್ನು ತಾನು ನೋಡಿಯೇ ಇರಲಿಲ್ಲವೆಂಬುದು ಅವನಿಗೆ ಆಗ ತಿಳಿಯುತ್ತದೆ.

ಅದೇ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟ ಮಕ್ಕಳೂ ಕನ್ನಡದಲ್ಲಿದ್ದಾರೆ. ರಾಷ್ಟ್ರಕವಿ ಕುವೆಂಪು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದಾಗ ಅವರಿಗೆ ತೊಂಬತ್ತು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ. ಜ್ಞಾನಪೀಠ ಪ್ರಶಸ್ತಿ, ವಿಶ್ವವಿದ್ಯಾನಿಲಯದ ಕುಲಪತಿ ಪದವಿ, ‘ಶ್ರೀ ರಾಮಾಯಣ ದರ್ಶನಂ’, ಇವೆಲ್ಲ ನಾಡಿಗೆ ತಿಳಿದಿದ್ದ ಸಂಗತಿಗಳು. ಆದರೂ ಮಗ ಪೂರ್ಣಚಂದ್ರ ತೇಜಸ್ವಿಯವರು ‘ಅಣ್ಣನ ನೆನಪು’ ಬರೆದರು. ಹೆಸರಿನಲ್ಲಿಯೇ ಅವರ ದೃಷ್ಟಿ ಕಾಣುತ್ತದೆ. ಜಗತ್ತಿನ ಮಹಾಕವಿ ಮಕ್ಕಳ ಬಾಯಲ್ಲಿ ‘ಅಣ್ಣ’. ಮಗಳು ತಾರಿಣಿಯವರು ಬರೆದ ಪುಸ್ತಕದ ಹೆಸರು ‘ಮಗಳು ಕಂಡ ಕುವೆಂಪು’. ಒಂದೇ ಮನೆಯ ಮಗನೂ ಮಗಳೂ ಒಬ್ಬನೇ ತಂದೆಯನ್ನು ಬೇರೆ ಬೇರೆ ಕಿಟಕಿಗಳಿಂದ ಕಂಡರು. ಎರಡೂ ನಿಜ.

ಮಹಾಕವಿಯ ಮಕ್ಕಳು ಬರೆಯಬಹುದು, ಗುಮಾಸ್ತನ ಮಕ್ಕಳು, ರೈತನ ಮಕ್ಕಳು ಏನನ್ನು ಬರೆದಾರು ಎಂಬ ಸಂಕೋಚ ಹುಟ್ಟುವುದುಂಟು. ಹೊಸಕೆರೆಹಳ್ಳಿಗೆ ಬಹು ದೂರವಲ್ಲದ ಬಸವನಗುಡಿಯಲ್ಲಿ ಬಾಳಿದ ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ ಆ ಸಂಕೋಚವನ್ನು ಕಳೆಯುತ್ತದೆ. ಅಲ್ಲಿ ದಿವಾನರಿಗೆ ದೊರೆತ ಆದರವೇ ಹೆಸರು ಕೇಳರಿಯದ ವೈದಿಕರಿಗೂ ದೊರೆತಿದೆ. ಪದವಿ ದೊಡ್ಡದಿದ್ದ ಮಾತ್ರಕ್ಕೆ ಚಿತ್ರ ಉಳಿಯುವುದಿಲ್ಲ. ನೋಡಿದ ಕಣ್ಣು ಹತ್ತಿರದ್ದಾಗಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತಂದೆಯ ಮುಂಗೋಪವನ್ನೂ, ಕಾಸಿಗೆ ಕಾಸು ಗಂಟಿಕ್ಕಿದ ಜಿಗುಟುತನವನ್ನೂ, ಸಣ್ಣ ಹಟಗಳನ್ನೂ ಒರೆಸಿಹಾಕಿದರೆ ಗೋಡೆಯ ಪಟವೇನೋ ದೊರಕೀತು, ತಂದೆ ದೊರಕನು. ಬೈಯುತ್ತಲೇ ಶುಲ್ಕದ ಹಣ ಎಣಿಸಿಕೊಟ್ಟ ಕೈಯಲ್ಲಿ ಎಷ್ಟು ಮಮತೆಯಿತ್ತೆಂಬುದು ಬೈಗುಳವನ್ನು ಬಿಟ್ಟರೆ ತಿಳಿಯುವುದೇ ಇಲ್ಲ.

ಆದುದರಿಂದ ತಂದೆಯನ್ನು ಕಳೆದುಕೊಂಡ ಮನೆಯಲ್ಲಿ, ತಿಥಿಯ ಲೆಕ್ಕಪತ್ರ ಬರೆದ ಪುಸ್ತಕದಲ್ಲಿಯೇ ನಾಲ್ಕು ಹಾಳೆಗಳನ್ನು ಇದಕ್ಕೆ ಮೀಸಲಿಡುವುದು ಒಳ್ಳೆಯದು. ತಾಯಿಯನ್ನು ಕೇಳಬೇಕು, ಸೋದರತ್ತೆಯನ್ನು ಕೇಳಬೇಕು, ಬದುಕಿರುವ ಬಾಲ್ಯದ ಗೆಳೆಯರನ್ನು ಕೇಳಬೇಕು. ಅವರೂ ಬಹುಕಾಲ ಇರುವವರಲ್ಲ. ಯಾವ ಸಾರು ಇಷ್ಟ, ಯಾರೊಡನೆ ಮುನಿಸು, ಯಾವ ಸಾಲ ತೀರಿಸಲು ಎಷ್ಟು ವರ್ಷ ದುಡಿದರು, ಯಾವ ಮಾತಿಗೆ ಕಣ್ಣು ತುಂಬುತ್ತಿತ್ತು: ಇಷ್ಟು ಬರೆದಿಟ್ಟರೆ ಸಾಕು. ಇನ್ನೂ ಹುಟ್ಟದ ಮೊಮ್ಮಗುವೊಂದು ಮುಂದೆ ಎಲೆಯ ಮುಂದೆ ಕುಳಿತು ‘ತಾತನಿಗೆ ಏನು ಇಷ್ಟ?’ ಎಂದು ಕೇಳಿದಾಗ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುವುದಿಲ್ಲ.