ಥರ್ಮೋಸ್ಟ್ಯಾಟ್ ಕಿತ್ತಾಕ್ಬುಡಿ ಸಾ!

ಇಂಜಿನ್ ಬಿಸಿಯಾಗ್ತಿದೆ ಅಂತ ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಯಾರಿಗೆ ಬೇಕಾದ್ರೂ ಹೇಳಿ ನೋಡಿ, ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತೆ: "ಥರ್ಮೋಸ್ಟ್ಯಾಟ್ ಕಿತ್ತಾಕ್ಬುಡಿ ಸಾ, ನಮ್ಮೂರ್ ಬಿಸ್ಲಿಗೆ ಅದೆಲ್ಲಾ ಯಾಕೆ?" ಕೆ.ಆರ್. ನಗರದಲ್ಲೂ ಇದೇ, ಎಚ್.ಡಿ. ಕೋಟೆಯಲ್ಲೂ ಇದೇ. ಬಾನೆಟ್ ಎತ್ತೋದಕ್ಕೂ ಮುಂಚೆ ತೀರ್ಪು ರೆಡಿ! ಈ ಬುದ್ಧಿವಂತಿಕೆ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮ ಮನೆ ಹುಣಸೂರಿನ ಹತ್ತಿರ. ನಾನು ಬೆಂಗಳೂರಲ್ಲಿ ಕೋಡ್ ಬರೀತಾ ಕೂತಿರ್ತೀನಿ. ಅಮ್ಮನಿಗೆ ವಾರಕ್ಕೆರಡು ಸಲ ಮೈಸೂರಲ್ಲಿ ಡಯಾಲಿಸಿಸ್. ಕರ್ಕೊಂಡು ಹೋಗೋದು ಅಪ್ಪ, ನಮ್ಮ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರಲ್ಲಿ. ಬಿಳಿಕೆರೆ ದಾಟೋವರೆಗೂ ಮುಳ್ಳು ಸರಿಯಾಗೇ ಇರುತ್ತೆ. ಇಲವಾಲ ದಾಟಿ ಸಿಟಿ ಟ್ರಾಫಿಕ್ಕಿಗೆ ಸಿಕ್ಕಿದ್ರೆ ಸೀದಾ ಕೆಂಪಿಗೆ! ಗ್ಯಾರೇಜಿಗೆ ಮೂರು ಸಲ ಹೋಗಿದ್ದಾಯ್ತು. ಮೊದಲ ಸಲ ಥರ್ಮೋಸ್ಟ್ಯಾಟ್ ಕಿತ್ತರು. ಎರಡನೇ ಸಲ ವಾಟರ್ ಪಂಪ್ ಬದಲಾಯ್ತು. ಮೂರನೇ ಸಲ ರೇಡಿಯೇಟರ್ ಬಿಚ್ಚಿ ತೊಳೆದರು. ನಾಲ್ಕನೇ ಸಲ "ಹೆಡ್ ಗ್ಯಾಸ್ಕೆಟ್ ಹೋಗದೆ, ಇಂಜಿನ್ ಇಳಿಸ್ಬೇಕು" ಅಂದ್ರು. ಆ ವಾರ ಕಾರು ರಸ್ತೆ ಮಧ್ಯೆ ನಿಂತು, ಅಮ್ಮನ ಒಂದು ಸರದಿ ತಪ್ಪೇ ಹೋಯ್ತು. ಡಯಾಲಿಸಿಸ್ ತಪ್ಪಿದ್ರೆ ಏನಾಗುತ್ತೆ ಅಂತ ಆ ಮನೆಯವರಿಗೇ ಗೊತ್ತು.

ಶನಿವಾರ ಊರಿಗೆ ಹೋದೆ. ನಾನೇನು ಮೆಕ್ಯಾನಿಕ್ ಅಲ್ಲ, ಆದ್ರೆ ಬಗ್ ಹುಡುಕೋದು ನನ್ನ ಹೊಟ್ಟೆಪಾಡು :) ಮೊದಲ ಪ್ರಶ್ನೆ "ಏನು ಬದಲಾಯಿಸ್ಲಿ?" ಅಲ್ಲ, "ಯಾವಾಗ ಬಿಸಿಯಾಗುತ್ತೆ?" ಅನ್ನೋದು. ನಿಂತಾಗ ಮಾತ್ರ ಬಿಸಿಯಾಗಿ ಓಡುವಾಗ ತಣ್ಣಗಾದ್ರೆ ಗಾಳಿ ಸಾಲ್ತಿಲ್ಲ, ಅಂದ್ರೆ ಫ್ಯಾನ್ ನೋಡಿ. ಓಡುವಾಗ, ಏರು ಹತ್ತುವಾಗ ಬಿಸಿಯಾದ್ರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲಾ ನೀರು ತಿರುಗ್ತಿಲ್ಲ. ಹೊರಗೆ ಒಂದು ಹನಿಯೂ ತೊಟ್ಟಿಕ್ಕದೆ ಕೂಲೆಂಟ್ ಮಾಯವಾಗಿ, ಬಿಳಿ ಹೊಗೆ ಬಂದು, ನೀರಲ್ಲಿ ಗುಳ್ಳೆ ಏಳ್ತಾ ಇದ್ರೆ ಆಗ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ನಮ್ಮದು ನಿಂತಾಗ ಮಾತ್ರ ಬಿಸಿ. ಸ್ಟಾರ್ಟ್ ಮಾಡಿ ಹಾಗೇ ಬಿಟ್ಟೆ. ಮುಳ್ಳು ಅರ್ಧ ದಾಟಿದ್ರೂ ಫ್ಯಾನ್ ತಿರುಗಲಿಲ್ಲ. ಆಫ್ ಮಾಡಿ, ಬ್ಯಾಟರಿಯಿಂದ ಫ್ಯಾನಿಗೆ ನೇರ ವೈರ್ ಕೊಟ್ಟೆ, ಜೋರಾಗಿ ತಿರುಗಿತು! ಅಂದ್ರೆ ಮೋಟಾರ್ ಸರಿಯಿದೆ. ಫ್ಯೂಸ್ ನೋಡಿದೆ, ಸರಿಯಿತ್ತು. ಪಕ್ಕದಲ್ಲಿದ್ದ ಅದೇ ಬಗೆಯ ಇನ್ನೊಂದು ರಿಲೇ ತೆಗೆದು ಫ್ಯಾನಿನ ಜಾಗಕ್ಕೆ ಹಾಕಿದೆ. ಮತ್ತೆ ಬಿಸಿಯಾದಾಗ ಫ್ಯಾನ್ ತಾನಾಗೇ ಶುರುವಾಯ್ತು. ಕೆಲವು ನೂರು ರೂಪಾಯಿಯ ರಿಲೇಗಾಗಿ ಇಂಜಿನ್ ಇಳಿಸೋಕೆ ಹೊರಟಿದ್ವಿ!

ಇನ್ನು ಥರ್ಮೋಸ್ಟ್ಯಾಟ್ ವಿಷಯ. ಅದು ಇಂಜಿನ್ನಿಗೆ ಬೇಕಾದ ಶಾಖ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯೋ ಬಾಗಿಲು. ಹೆಚ್ಚಿನ ಕಾರುಗಳಲ್ಲಿ 80-90 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯುತ್ತೆ. ಕಿತ್ತಾಕಿದ್ರೆ ಹೈವೇಯಲ್ಲಿ ಇಂಜಿನ್ ತಣ್ಣಗೇ ಓಡುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಟ್ರಾಫಿಕ್ಕಿನಲ್ಲಿ ಮಾತ್ರ ಮೊದಲಿನ ಹಾಗೇ ಕುದಿಯುತ್ತೆ. ಕಾಯಿಲೆ ಉಳೀತು, ಅಂಗ ಹೋಯ್ತು! ಬೋರ್‌ವೆಲ್ ನೀರು ಸುರಿಯೋದೂ ಅಷ್ಟೇ. ಬಚ್ಚಲ ಹಂಡೆಯೊಳಗೆ ಬಿಳೀ ಪದರ ಕಟ್ಟಿರೋದು ನೋಡಿದ್ದೀರಲ್ಲಾ? ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತೆ. ಮುಚ್ಚಳದ ರಬ್ಬರನ್ನಂತೂ ಯಾರೂ ನೋಡಲ್ಲ. ಕುಕ್ಕರಿನ ಹಾಗೆ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ಮಾಡೋದು ಅದೇ. (ಬಿಸಿ ಇಂಜಿನ್ನಿನ ಮುಚ್ಚಳ ತೆಗೀಬೇಡಿ, ಮುಖ ಸುಟ್ಟೋಗುತ್ತೆ.)

"ಹಾಗಾದ್ರೆ ತಪ್ಪೆಲ್ಲಾ ಮೆಕ್ಯಾನಿಕ್ಕಿನದಾ?" ಅಂತ ಕೇಳಬಹುದು. ಅಲ್ಲ. ಅವರಿಗೆ ರಿಪೇರಿ ಪುಸ್ತಕ ಕೊಟ್ಟವರ್ಯಾರು? ಬಿಡಿಭಾಗ, ರಿಪೇರಿ ಮಾಹಿತಿ, ಪರೀಕ್ಷೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿತು, ಪೋರ್ಟಲ್ಲೂ ತೆರೆಯಿತು. ಆದ್ರೆ ಅದರಿಂದ ಕನ್ನಡದಲ್ಲಿ ಓದಬಲ್ಲ ಒಂದು ರಿಪೇರಿ ಪುಸ್ತಕ ನಮ್ಮೂರ ಶೆಡ್ಡಿನ ಹುಡುಗನ ಕೈಗೆ ಬಂದಿದ್ದನ್ನು ನಾನಂತೂ ನೋಡಿಲ್ಲ.

ನಮ್ಮ ತಪ್ಪೂ ಇದೆ. ನಾವು ಪಾರ್ಟಿಗೆ ದುಡ್ಡು ಕೊಡ್ತೀವಿ, ಪರೀಕ್ಷೆಗೆ ಕೊಡಲ್ಲ. "ಒಂದ್ ಗಂಟೆ ಸುಮ್ನೆ ನೋಡ್ದೆ, ಮುನ್ನೂರು ಕೊಡಿ" ಅಂದ್ರೆ ಜಗಳ. "ಪಂಪ್ ಹಾಕಿದೀನಿ, ಮೂರು ಸಾವಿರ" ಅಂದ್ರೆ ಮಾತಿಲ್ಲದೆ ಎಣಿಸ್ತೀವಿ. ಮತ್ತೆ ಅವನು ನೋಡ್ತಾ ಯಾಕೆ ಕೂರ್ತಾನೆ?

ಅಪ್ಪನಿಗೆ ಇದನ್ನೇ ಹೇಳಿದೆ. "ಅವ್ನು ಇಪ್ಪತ್ತ್ ವರ್ಸದಿಂದ ಗಾಡಿ ನೋಡ್ತಾವ್ನೆ ಕಣ್ಲಾ" ಅಂದ್ರು. "ಅಪ್ಪಾ, ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯಿಸುವಾಗ ಐದಾರು ದಿನ ರಾತ್ರಿಯೆಲ್ಲಾ ಎದ್ದು ಥರ್ಮಾಮೀಟರ್ ನೋಡ್ತೀಯ. ಸೊಪ್ಪು ಕಪ್ಪಾದ್ರೆ ಬ್ಯಾರನ್ ಕೆಡವ್ತೀಯಾ?" ಅಂದೆ. ಅಪ್ಪ ಏನೂ ಹೇಳಲಿಲ್ಲ. ಸೋಮವಾರ ಗ್ಯಾರೇಜಿಗೆ ಹೋಗಿ ಹೊಸ ಥರ್ಮೋಸ್ಟ್ಯಾಟ್ ಹಾಕಿಸ್ಕೊಂಡು ಬಂದ್ರು. ಮಾರನೇ ದಿನ ಅಮ್ಮ ಸರಿಯಾದ ಸಮಯಕ್ಕೆ ಆಸ್ಪತ್ರೆ ತಲುಪಿದ್ದರು.

ಮುಂದಿನ ಸಲ ಯಾರಾದ್ರೂ "ಕಿತ್ತಾಕ್ಬುಡಿ ಸಾ" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?" ಉತ್ತರ ಇಲ್ಲದಿದ್ರೆ ಸ್ಪ್ಯಾನರ್ ಮುಟ್ಟೋಕೆ ಬಿಡಬೇಡಿ.

ನೀವೇನಂತೀರಿ?