ಹಠಮಾರಿ ಮಗುವಿಗೆ ದಿನಕ್ಕೆ ಹತ್ತು ನಿಮಿಷ

ಶಾಲೆಗಳು ಪ್ರಾರಂಭವಾಗಿ ಎರಡು ತಿಂಗಳಾಯಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಒಂದು ಬಗೆಯ ಪಾಲಕರು ಬರತೊಡಗುತ್ತಾರೆ. ಮಗು ತರಗತಿಯಲ್ಲಿ ಕುಳಿತಲ್ಲಿ ಕುಳಿತಿರದು, ಪಕ್ಕದವರನ್ನು ಹೊಡೆಯುತ್ತದೆ, ಹೇಳಿದ ಮಾತು ಕೇಳದು. ಬುದ್ಧಿ ನೆಲೆಗೊಳ್ಳಲು ಬ್ರಾಹ್ಮಿಯನ್ನೋ ಸಾರಸ್ವತಾರಿಷ್ಟವನ್ನೋ ಕೊಡಿರೆನ್ನುತ್ತಾರೆ. ಮಕ್ಕಳನ್ನು ಪ್ರಸಾದ ನಿಲಯಗಳಲ್ಲಿ ಬಿಟ್ಟವರ ಆತಂಕ ಇನ್ನೂ ಹೆಚ್ಚಿನದು. ಮತ್ತೊಂದು ದೂರು ಬಂದರೆ ಮಗುವನ್ನು ಕರೆದೊಯ್ಯಬೇಕೆಂದು ಅವರಿಗೆ ಸೂಚನೆ ಹೋಗಿರುತ್ತದೆ. ಈ ಔಷಧಗಳನ್ನು ಬಹುಕಾಲದಿಂದ ಬರೆಯುತ್ತ ಬಂದ ನಾವೇ ಹೇಳುತ್ತೇವೆ: ಇಂಥ ಮಗುವನ್ನು ಶಾಲೆಯಲ್ಲಿ ಉಳಿಸುವ ಶಕ್ತಿ ಆ ಸೀಸೆಯಲ್ಲಿಲ್ಲ.

ಮೊದಲು ದೇಹವನ್ನು ನೋಡಬೇಕು. ಕಿವಿ ಸೋರುವ ಮಗುವಿಗೆ ಗುರುಗಳ ಮಾತು ಅರ್ಧವೇ ಕೇಳಿಸಿರುತ್ತದೆ. ಕಣ್ಣು ಮಂದವಾದುದು ಕಪ್ಪುಹಲಗೆ ಕಾಣದೆ ಪಕ್ಕದವರ ಪುಸ್ತಕ ಎಳೆಯುತ್ತದೆ. ರಕ್ತಹೀನತೆ, ಜಂತುಹುಳು, ನಿದ್ರೆಯ ಕೊರತೆ ಇವೂ ಸಿಡುಕನ್ನು ಹೆಚ್ಚಿಸುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಬಂದು ತಪಾಸಣೆ ನಡೆಸುತ್ತದೆ. ಆ ದಿನ ತುಂಟರನ್ನೇ ಸಾಲಿನಲ್ಲಿ ಮುಂದೆ ನಿಲ್ಲಿಸಬೇಕು.

ದೇಹದಲ್ಲಿ ದೋಷ ಕಾಣದಿದ್ದಾಗ ನಮ್ಮಲ್ಲಿ ಎರಡೇ ದಾರಿಗಳಿವೆ: ಎಲ್ಲರಿಗೂ ಹೇಳುವ ಉಪದೇಶವನ್ನೇ ಗಟ್ಟಿಯಾಗಿ ಹೇಳುವುದು, ಇಲ್ಲವೇ ಹೊರಗೆ ಕಳುಹಿಸುವುದು. ನಡುವೆ ಒಂದು ಮೆಟ್ಟಿಲಿದೆ. ಅಮೆರಿಕದ ಶಾಲೆಗಳಲ್ಲಿ ಅದನ್ನು ‘ಚೆಕ್ ಇನ್, ಚೆಕ್ ಔಟ್’ ಎನ್ನುತ್ತಾರೆ. ಬೆಳಿಗ್ಗೆ ಮಗು ಒಬ್ಬ ನಿಶ್ಚಿತ ಹಿರಿಯರನ್ನು ಕಂಡು ಒಂದು ಚೀಟಿ ಪಡೆಯುತ್ತದೆ. ಅದರಲ್ಲಿ ಎರಡು ಮೂರು ಗುರಿಗಳು ಮಾತ್ರ: ಕೈಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವುದು, ಆರಂಭಿಸಿದ ಕೆಲಸ ಮುಗಿಸುವುದು. ಪ್ರತಿ ಅವಧಿಯ ಕೊನೆಗೆ ಶಿಕ್ಷಕರು ಸೊನ್ನೆ, ಒಂದು ಅಥವಾ ಎರಡು ಅಂಕ ಹಾಕಿ ಒಂದು ಮಾತು ಹೇಳುತ್ತಾರೆ. ಸಂಜೆ ಅದೇ ಹಿರಿಯರೊಡನೆ ಕುಳಿತು ಲೆಕ್ಕ ನೋಡುವುದು. ಬಳಿಕ ಚೀಟಿ ಮನೆಯವರ ಸಹಿಗೆ ಹೋಗುತ್ತದೆ. ಗಳಿಸಿದ ಅಂಕವನ್ನು ಕಳೆಯುವಂತಿಲ್ಲ. ಎಲ್ಲ ಸೇರಿ ಹಿರಿಯರಿಗೆ ಹಿಡಿಯುವುದು ದಿನಕ್ಕೆ ಹತ್ತು ನಿಮಿಷ. ಚರಕ ಸಂಹಿತೆ ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತರುವುದು. ಅದಕ್ಕೆ ಲೇಹ್ಯ ಬೇಡ, ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು.

ನಾವು ಒಂದು ನಿಲಯಕ್ಕೆ ಇದನ್ನು ಸೂಚಿಸಿದ್ದೆವು. ಅಲ್ಲಿನವರು ಚೀಟಿಯ ಮೇಲೆ ಹುಡುಗನ ತಪ್ಪುಗಳನ್ನು ಬರೆದು ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ಓದಿದರು. ಮೂರನೆಯ ದಿನ ಅವನು ಅದನ್ನು ಹರಿದೆಸೆದ. ಹರಿಯದೆ ಏನು ಮಾಡಿಯಾನು? ಬಳಿಕ ಅವನಿಗೆ ಇಷ್ಟವಾದ ಹಿರಿಯರು ಯಾರೆಂದು ಕೇಳಿದಾಗ ಅಡುಗೆಯ ಅಜ್ಜನನ್ನು ತೋರಿಸಿದ. ಚೀಟಿ ಅಜ್ಜನ ಕೈಗೆ ಹೋಯಿತು. ಹುಡುಗ ಸಾಧುವಾಗಿಬಿಟ್ಟನೆಂದು ಹೇಳಲಾರೆವು. ಜಗಳಗಳು ವಿರಳವಾದವು, ಅವನು ನಿಲಯದಲ್ಲಿಯೇ ಉಳಿದ.

ಇದು ಎಲ್ಲ ಮಕ್ಕಳಿಗೂ ಒದಗುವುದಿಲ್ಲ. ಹಿರಿಯರ ಗಮನಕ್ಕಾಗಿ ಹಂಬಲಿಸಿ ಕಾಡುವ ಮಗುವಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಓದಲು ಬಾರದ ಮಗು ಓದಿನ ಹೊತ್ತಿನಲ್ಲಿಯೇ ಗಲಾಟೆ ಎಬ್ಬಿಸಿದರೆ, ಹೊರಗೆ ನಿಲ್ಲಿಸುವುದು ಅದಕ್ಕೆ ಬಹುಮಾನವಾಗುತ್ತದೆ. ಅಂಥ ಮಗುವಿಗೆ ಮೊದಲು ಅಕ್ಷರ ಕೂಡಿಸಿ ಓದಲು ಕಲಿಸಬೇಕು. ಎಷ್ಟು ಕಲಿಸಿದರೂ ಹಿಡಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೋ ಪರೀಕ್ಷೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ. ದೂರದ ಹಳ್ಳಿಯ ಬಡ ಮಗುವಿಗೆ ನಿಲಯ ತಪ್ಪಿದರೆ ಶಾಲೆಯೂ ತಪ್ಪಿದಂತೆಯೇ. ಆದುದರಿಂದ ನಿಲಯಗಳ ಆಡಳಿತ ಮಂಡಳಿಯವರಲ್ಲಿ ನಮ್ಮದೊಂದು ವಿನಂತಿ: ಮಗುವನ್ನು ಮನೆಗೆ ಕಳುಹಿಸುವ ಪತ್ರಕ್ಕೆ ಸಹಿ ಹಾಕುವ ಮುನ್ನ, ಈ ಮಗುವಿನೊಡನೆ ಆರು ವಾರ ಬೆಳಿಗ್ಗೆ ಸಂಜೆ ಯಾರು ಕುಳಿತಿದ್ದರೆಂದು ಕೇಳಿರಿ. ಹೆಸರು ಹೇಳಲಾಗದಿದ್ದರೆ ಆ ಪತ್ರವನ್ನು ಬದಿಗಿಡಿರಿ.