ಸೆಕೆಂಡ್ ಹ್ಯಾಂಡ್ ಕಾರಿಗೆ ಫಸ್ಟ್ ಲೆಕ್ಕ ನಿಮ್ಮದೇ ಇರಲಿ

ಬೆಂಡೆಕಾಯಿ ತುದಿ ಮುರಿದು, ತೆಂಗಿನಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ತಗೊಳ್ಳೋರು ನಾವು. ಆದ್ರೆ ಮನೆಗೆ ನಾಲ್ಕು ಲಕ್ಷದ ಹಳೇ ಕಾರು ಬರೋ ದಿನ ನಮ್ಮ ಪಾಲಿಗೆ ಉಳಿಯೋದು ಆರತಿ ತಟ್ಟೆ ಮತ್ತು ಚಕ್ರದಡಿ ಇಡೋ ನಿಂಬೆಹಣ್ಣು ಮಾತ್ರ! ‘ಯಾವ ಬಣ್ಣ ಬೇಕು’ ಅಂತ ಕೇಳಿದ್ರೇ ದೊಡ್ಡ ಮಾತು. ಇಂಜಿನ್ನು, ಕಾಗದಪತ್ರ, ಚೌಕಾಸಿ ಎಲ್ಲ ಗಂಡಸರ ವಿಷಯವಂತೆ. ಸರಿ, ಆರು ತಿಂಗಳಲ್ಲಿ ಎಸಿ ಕೆಟ್ಟಾಗ, ಟೈರು ಸವೆದಾಗ ದುಡ್ಡು ಎಲ್ಲಿಂದ ಬರುತ್ತೆ ಹೇಳಿ? ಮಕ್ಕಳ ಫೀಸಿಗೆ, ಹಬ್ಬದ ಖರ್ಚಿಗೆ ಅಂತ ನಾವು ಎತ್ತಿಟ್ಟ ಡಬ್ಬಿಯಿಂದಲೇ. ತಿಂಗಳ ಲೆಕ್ಕ ತೂಗಿಸೋರು ನಾವಾದ ಮೇಲೆ ಕಾರು ನೋಡೋಕೂ ನಾವು ಹೋಗಲೇಬೇಕು ಅನ್ನೋದು ನನ್ನ ವಾದ.

ನಮ್ಮಂಥ ಮನೆಗಳ ಕಣ್ಣು ಸಾಮಾನ್ಯವಾಗಿ ಬೀಳೋದು ಡಿಸೈರ್, ಅಮೇಜ್, ಎಕ್ಸೆಂಟ್, ಟಿಗೋರ್‌ನಂಥ ಪುಟ್ಟ ಸೆಡಾನ್ ಮೇಲೆ. ಊರಿಂದ ಬರುವಾಗ ಅಕ್ಕಿಮೂಟೆ, ಹಲಸಿನಹಣ್ಣು ಹಿಡಿಸೋ ಡಿಕ್ಕಿ ಬೇಕಲ್ಲ! 2006ರ ಬಜೆಟ್‌ನಲ್ಲಿ 4 ಮೀಟರಿಗಿಂತ ಗಿಡ್ಡವಾದ ಸಣ್ಣ ಕಾರುಗಳಿಗೆ ಸುಂಕ ಇಳಿಸಿದ್ದೇ ಇವು ಹುಟ್ಟೋಕೆ ಮುಖ್ಯ ಕಾರಣ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಹೊಸದರ ಬೆಲೆಯೇ ಕಡಿಮೆಯಾಯಿತು. ಹಾಗಾಗಿ ಮಾರುವವರು ‘ಹೊಸದು ಇಷ್ಟಾಗುತ್ತೆ ಮೇಡಂ’ ಅಂತ ಹಳೇ ರೇಟು ಒಪ್ಪಿಸಿದ್ರೆ ತಲೆಯಾಡಿಸಬೇಡಿ. ಇವತ್ತಿನ ಆನ್‌ರೋಡ್ ಬೆಲೆ ವಿಚಾರಿಸಿಕೊಂಡೇ ಹೊರಡಿ.

ಇಂಜಿನ್ ಬಗ್ಗೆ ನಮಗೇನು ಗೊತ್ತು ಅಂತೀರಾ? ಕಣ್ಣು, ಕಿವಿ, ಮೂಗು ಇದ್ದರೆ ಅರ್ಧ ಕೆಲಸ ಆಯ್ತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಹಿಂದಿನಿಂದ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರೀತಿದೆ ಅಂತ ಅರ್ಥ, ಅಂಥದ್ದನ್ನು ಬಿಟ್ಟುಬಿಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಜಾಸ್ತಿಯಾಗಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಓಡಾಡಿದ ಗಾಡಿಗೆ ಇದು ಮಾಮೂಲಿ ಕಾಯಿಲೆ. ಹಂಪ್ ಮೇಲೆ ಹತ್ತಿಸಿದಾಗ ಕಟಕಟ ಅಂದರೆ ಸಸ್ಪೆನ್ಷನ್ನಿನ ಬುಷ್, ಲಿಂಕ್ ರಾಡ್ ಕೈಕೊಟ್ಟಿರಬಹುದು. ಎಸಿ ಹಾಕಿ, ಕಾರು ನಿಂತಲ್ಲೇ ಹತ್ತು ನಿಮಿಷ ಕೂತು ನೋಡಿ. ‘ಗ್ಯಾಸ್ ತುಂಬಿಸಿದ್ರೆ ಸರಿಹೋಗುತ್ತೆ’ ಅನ್ನೋ ಮಾತಿಗೆ ಮರುಳಾಗಬೇಡಿ. ಗ್ಯಾಸ್ ಸುಮ್ಮನೆ ಖಾಲಿಯಾಗಲ್ಲ, ಎಲ್ಲೋ ಸೋರುತ್ತಿರುತ್ತೆ. ಒಳಗಿನ ಕೂಲಿಂಗ್ ಕಾಯಿಲ್ ಸೋರಿದ್ರಂತೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಬಹುದು. ಆಗ ಮೂಗಿಗಿಂತ ಮೂಗುತಿ ಭಾರ!

ಟೈರಿನ ಪಕ್ಕೆ ಮೇಲೆ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತೆ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗೀಟು ಚೆನ್ನಾಗಿ ಕಂಡರೂ ಆರು ವರ್ಷ ದಾಟಿದ ರಬ್ಬರನ್ನು ನಂಬಬೇಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದು, ಒಳಗೆ ಮುಗ್ಗಲು ವಾಸನೆ ಬಂದರೆ ಕಾರು ನೀರಲ್ಲಿ ಮುಳುಗೆದ್ದಿರಬಹುದು. 2015ರಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೊರ ವರ್ತುಲ ರಸ್ತೆ ಕಡೆ ಎಷ್ಟೊಂದು ಕಾರು ಮುಳುಗಿದ್ವು ನೆನಪಿದೆಯಲ್ಲ? ಮೀಟರ್ ಮೂವತ್ತು ಸಾವಿರ ಕಿ.ಮೀ. ತೋರಿಸಿ, ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ ಸರ್ವಿಸ್ ದಾಖಲೆ ಕೇಳಿ. ಇಷ್ಟೆಲ್ಲ ಆದ ಮೇಲೂ ನಂಬಿಕಸ್ತ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಒಮ್ಮೆ ತೋರಿಸಿ. ಅದು ದಂಡ ಅಲ್ಲ.

ಇನ್ನು ಡೀಸೆಲ್ ಆಸೆ. ಮೈಲೇಜ್ ನಿಜ, ಆದರೆ ಟರ್ಬೊ, ಇಂಜೆಕ್ಟರ್ ರಿಪೇರಿ ದುಬಾರಿ. ಮಾರುತಿಯಂತೂ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಸ್ಕೂಲು, ತರಕಾರಿ, ದೇವಸ್ಥಾನ ಅಂತ ಓಡಾಡೋ ಮನೆಗೆ ಪೆಟ್ರೋಲೇ ಸಾಕು.

ಕಾಗದಪತ್ರದಲ್ಲೂ ಖರ್ಚು ಅಡಗಿರುತ್ತೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. 2012ರ ಕಾರಿಗೆ 2027ರಲ್ಲಿ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊರರಾಜ್ಯದ ನಂಬರಿನ ಗಾಡಿ ಅಗ್ಗ ಅನ್ನಿಸಿದರೂ ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಹಿಂದಿನವರು ಸಾಲ ಮಾಡಿದ್ದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬರಲಿ, ಬಾಕಿ ಟ್ರಾಫಿಕ್ ದಂಡವೂ ತೀರಲಿ. ವಿಮೆಯ ನೋ ಕ್ಲೇಮ್ ಬೋನಸ್ ಮಾರಿದವರದ್ದು, ಕಾರಿನ ಜೊತೆ ನಿಮಗೆ ಬರಲ್ಲ. ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಕೊಡಿ.

ಈಗ ನಮ್ಮ ಅಡುಗೆಮನೆ ಲೆಕ್ಕ. ತಿಂಗಳಿಗೆ 600 ಕಿ.ಮೀ., ಸಿಟಿಯಲ್ಲಿ ಲೀಟರಿಗೆ 12 ಕಿ.ಮೀ. ಅಂದರೆ 50 ಲೀಟರ್. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೂ 5,000, ವರ್ಷಕ್ಕೆ 60,000. ವಿಮೆ, ಸರ್ವಿಸ್ ಸೇರಿ 20,000 ಅಂತ ಇಟ್ಕೊಳ್ಳಿ. ಬ್ಯಾಟರಿ, ಟೈರು, ಕ್ಲಚ್ಚಿಗೆ ಅಂತ ತಿಂಗಳಿಗೆ 2,000 ಬೇರೆ ತೆಗೆದಿಡಿ. ಒಟ್ಟು ವರ್ಷಕ್ಕೆ 1,04,000. ತಿಂಗಳಿಗೆ ಹೆಚ್ಚೂಕಡಿಮೆ 8,700, ಅದೂ ಸಾಲದ ಕಂತು ಬಿಟ್ಟು! ಈ ಚೀಟಿಯನ್ನು ಕೊಳ್ಳೋಕೆ ಮುಂಚೆಯೇ ಯಜಮಾನರ ಮುಂದಿಡಿ. ಕೈಯಲ್ಲಿ ನಾಲ್ಕು ಲಕ್ಷ ಇದ್ದರೆ ಮೂರೂವರೆ ಲಕ್ಷದ ಕಾರು ನೋಡಿ, ಐವತ್ತು ಸಾವಿರ ರಿಪೇರಿಗೆ ಅಂತ ಮುಟ್ಟದೆ ಇಡಿ. ಇಲ್ಲದಿದ್ದರೆ ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಕೊನೆಗೆ ಅಡವಿಡೋದು ನಿಮ್ಮ ಬಳೆಯನ್ನೇ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಹಿಂದಿನ ಸೀಟಲ್ಲಿ ಕೂರೋರು ನಮ್ಮ ಮಕ್ಕಳು. ಎಬಿಎಸ್ ಬ್ರೇಕು, ಚಾಲಕರ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕೂ ಹಿಂದಿನ ಕಡಿಮೆ ದರದ ಮಾಡೆಲ್‌ಗಳಲ್ಲಿ ಇವು ಇಲ್ಲದೇ ಇರಬಹುದು. ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಮ್ ನೋಡೋಕೆ ಮುಂಚೆ ಇದನ್ನು ಕೇಳಿ.

ಹಳೇ ಕಾರು ಕೊಳ್ಳೋದು ಅವಮಾನ ಅಲ್ಲ, ಜಾಣತನ. ಆದರೆ ಇಷ್ಟೆಲ್ಲ ನೋಡಿದ ಮೇಲೆ ಮನಸ್ಸು ಒಪ್ಪದಿದ್ದರೆ ‘ಇದು ಬೇಡ’ ಅನ್ನೋ ಧೈರ್ಯವೂ ನಮಗಿರಬೇಕು. ಅಡ್ವಾನ್ಸ್ ಕೊಡೋಕೆ ಮುಂಚೆ ಹೇಳಿದ ಒಂದು ‘ಬೇಡ’, ಆಮೇಲೆ ಗ್ಯಾರೇಜಿನಲ್ಲಿ ನಿಂತು ಮಾಡೋ ಹತ್ತು ಜಗಳ ಉಳಿಸುತ್ತೆ. ಏನಂತೀರಿ?